ಕಿಂಡರ್‌ಗಾರ್ಟನ್‌ನಲ್ಲಿ ತುಟಿ ಬಿಚ್ಚದ ಮಗಳು

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು. ಪತಿಯ ಉದ್ಯೋಗದ ನಿಮಿತ್ತ ಕಳೆದ ಫೆಬ್ರುವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದೆವು. ಒಪ್ಪಂದ ಮೂರು ವರ್ಷದ್ದು, ಮುಂದುವರಿಯಲೂಬಹುದು. ಊರಿನಲ್ಲಿ ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ಆ ಕೆಲಸ ಬಿಟ್ಟು ಬಂದಿದ್ದೇನೆ. ಸದ್ಯದಲ್ಲೇ ಐದು ತುಂಬುವ ಮಗಳು ಸೆಪ್ಟೆಂಬರಿನಿಂದ ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದಾಳೆ. ಮೂರು ತಿಂಗಳಾದರೂ ಅಲ್ಲಿ ಒಂದೇ ಒಂದು ಮಾತು ಆಡಿಲ್ಲವಂತೆ. (ಮನೆಯಲ್ಲಿ ಎಂದಿನಂತೆ ಮಾತಿನ ಮಲ್ಲಿ. ಸ್ನಾನದ ಹೊತ್ತಿಗೆ ಅಲ್ಲಿನ ಲಾಂದ್ರದ ಹಬ್ಬದ ಹಾಡನ್ನು ಗುನುಗುತ್ತಿರುತ್ತಾಳೆ.) ಮನೆಯಲ್ಲೂ ಜರ್ಮನ್ ಮಾತನಾಡಿ ಎಂದು ಅಲ್ಲಿನ ಶಿಕ್ಷಕಿ ಸಲಹೆ ಕೊಟ್ಟಿದ್ದಾರೆ. ಒಂಬತ್ತು ವರ್ಷದ ಮಗ ಮೂರನೆಯ ತರಗತಿ. ಚಿತ್ರಾನ್ನದ ಡಬ್ಬಿಯನ್ನು ಮುಟ್ಟದೆ ವಾಪಸು ತರುತ್ತಾನೆ. ಬಸ್ಸಿನಲ್ಲಿ ನಾನು ಕನ್ನಡ ಮಾತನಾಡಿದರೆ 'ಮೆಲ್ಲಗೆ ಮಾತನಾಡಮ್ಮ' ಎನ್ನುತ್ತಾನೆ, 'ಇಲ್ಲಿ ಯಾರಿಗೂ ಗೊತ್ತಿಲ್ಲದ ಭಾಷೆ ನಮಗೇಕೆ' ಎಂದು ಕೇಳುತ್ತಾನೆ. ಊರಿನಲ್ಲಿ ಗಣಿತದಲ್ಲಿ ಮುಂದಿದ್ದವನು ಇಲ್ಲಿ ಸುಲಭದ ಲೆಕ್ಕಗಳನ್ನೂ ತಪ್ಪುತ್ತಾನೆ. ಮಕ್ಕಳ ಓಡಾಟದ ಸದ್ದಿಗೆ ಕೆಳಮನೆಯವರು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಗದರಿದರೂ ಸಾಕು, ಸರ್ಕಾರ ಮಕ್ಕಳನ್ನು ಎತ್ತಿಕೊಂಡು ಹೋಗುತ್ತದೆ ಎಂದು ಪರಿಚಯದವರು ಹೆದರಿಸುತ್ತಾರೆ. ಮೊಮ್ಮಗನನ್ನಾದರೂ ನಮ್ಮ ಹತ್ತಿರ ಕಳಿಸಿ ಎಂದು ಅತ್ತೆ, ಮಾವ ಪ್ರತಿ ವಾರ ಹೇಳುತ್ತಾರೆ. ಮಕ್ಕಳಿಗೆ ನಾವು ಅನ್ಯಾಯ ಮಾಡಿದೆವೇ?

ಉತ್ತರ: ನಿಮ್ಮ ಪತ್ರದಲ್ಲಿ ಅತ್ಯಂತ ಮುಖ್ಯವಾದ ಮಾತನ್ನು ನೀವು ಆವರಣದೊಳಗೆ ಹಾಕಿಬಿಟ್ಟಿದ್ದೀರಿ. ಸ್ನಾನದ ಮನೆಯಲ್ಲಿ ನಿಮ್ಮ ಮಗಳು ಲಾಂದ್ರದ ಹಾಡು ಹಾಡುತ್ತಿದ್ದಾಳೆ. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬಕ್ಕೆಂದು ಅವರು ವಾರಗಟ್ಟಲೆ ಹಾಡಿಸಿದ್ದನ್ನು ಅವಳು ಸುಮ್ಮನೆ ಕೂತು ಕೇಳಿದ್ದಾಳೆ, ಕಂಠಪಾಠ ಮಾಡಿಕೊಂಡಿದ್ದಾಳೆ. ಅಲ್ಲಿ ಹಾಡಲಿಲ್ಲ, ಮನೆಗೆ ತಂದು ನೀರಿನ ಸದ್ದಿನಲ್ಲಿ ಹಾಡಿ ನೋಡುತ್ತಿದ್ದಾಳೆ. ಇಪ್ಪತ್ತು ವರ್ಷಗಳಿಂದ ಮಾತು ತಡವಾದ ಮಕ್ಕಳನ್ನೂ ಮಾತು ನಿಂತ ಮಕ್ಕಳನ್ನೂ ನೋಡುತ್ತಾ ಬಂದಿದ್ದೇನೆ. ಹೀಗೆ ಹಾಡುವ ಮಗುವಿನ ಬಗ್ಗೆ ನನಗೆ ಭಯವಾಗುವುದಿಲ್ಲ.

ಹೊಸ ಭಾಷೆಯ ನಡುವೆ ಬಂದ ಚಿಕ್ಕ ಮಕ್ಕಳಲ್ಲಿ ಈ ಮೌನ ಸಾಮಾನ್ಯ. ಮೊದಲ ಕೆಲವು ದಿನ ಮಗು ತನ್ನ ಮನೆಮಾತಿನಲ್ಲೇ ಎಲ್ಲರನ್ನೂ ಮಾತನಾಡಿಸುತ್ತದೆ. ಯಾರಿಗೂ ಅರ್ಥವಾಗುತ್ತಿಲ್ಲ ಎಂದು ತಿಳಿದ ದಿನ ನಿಲ್ಲಿಸುತ್ತದೆ. ಆಮೇಲೆ ವಾರಗಳ ಕಾಲ, ಕೆಲವೊಮ್ಮೆ ಐದಾರು ತಿಂಗಳು, ಬರೀ ಕೇಳುತ್ತದೆ. ಹೊರಗಿನವರಿಗೆ ಇದು ಮಂಕು ಕವಿದಂತೆ ಕಾಣುತ್ತದೆ. ಒಳಗೆ ಭಾರಿ ಕೆಲಸ ನಡೆದಿರುತ್ತದೆ: ಯಾವ ಸದ್ದು ಎಲ್ಲಿ ಮುಗಿಯಿತು, ಯಾವ ಪದ ಕೇಳಿದ ಕೂಡಲೇ ಎಲ್ಲರೂ ಎದ್ದು ಬೂಟು ಹಾಕಿಕೊಂಡರು, ಯಾವ ಮಾತಿಗೆ ಎಲ್ಲರೂ ನಕ್ಕರು. ನಂತರ ಒಂದೊಂದೇ ಪದ, ಇಡಿಯಾಗಿ ಕಲಿತ ಒಂದೆರಡು ವಾಕ್ಯ, ಕೊನೆಗೆ ಸ್ವಂತ ಮಾತು.

ಆದರೂ ನೀವು ಕೆಲವನ್ನು ಗಮನಿಸಿ ನನಗೆ ತಿಳಿಸಬೇಕು. ಅಲ್ಲಿ ಅವಳು ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತಾಳೆಯೇ, ತಲೆಯಾಡಿಸುತ್ತಾಳೆಯೇ? ಬೇರೆ ಮಕ್ಕಳ ಪಕ್ಕದಲ್ಲಿ ಕೂತು ಆಡುತ್ತಾಳೆಯೇ, ಅಥವಾ ಗೋಡೆಗೆ ಒರಗಿ ನಿಂತೇ ಇರುತ್ತಾಳೆಯೇ? ಬಾಯಾರಿದರೆ, ಶೌಚಕ್ಕೆ ಹೋಗಬೇಕಾದರೆ ಹೇಗೋ ತಿಳಿಸುತ್ತಾಳೆಯೇ? ಮನೆಯಲ್ಲಿ ಗೊಂಬೆಗಳ ಜೊತೆ ಒಬ್ಬಳೇ ಇರುವಾಗ ಅಡುಗೆಮನೆಯಿಂದಲೇ ಕಿವಿಗೊಟ್ಟು ಕೇಳಿ. ಗೊಂಬೆಗಳನ್ನು ಸಾಲಾಗಿ ಕೂರಿಸಿ ಅವುಗಳಿಗೆ ಜರ್ಮನ್‌ನಂಥ ಏನನ್ನಾದರೂ ಹೇಳುತ್ತಿದ್ದರೆ ಅದು ಅವಳ ಅಭ್ಯಾಸದ ಹೊತ್ತು. ಒಳಗೆ ಹೋಗಿ ಹೊಗಳಬೇಡಿ, ವಿಡಿಯೊ ಮಾಡಿ ಅಜ್ಜಿಗೆ ಕಳಿಸಲೂ ಬೇಡಿ.

ಮನೆಯಲ್ಲೂ ಕನ್ನಡದ ಮಾತು ಕಡಿಮೆಯಾಗುತ್ತಾ ಬಂದರೆ, ಸನ್ನೆಯಿಂದಲೂ ಯಾರೊಂದಿಗೂ ವ್ಯವಹರಿಸದೆ ಮರಗಟ್ಟಿದಂತೆ ಇದ್ದರೆ, ಊಟ ನಿದ್ದೆ ಕೆಟ್ಟರೆ, ಅಥವಾ ಜರ್ಮನ್ ಚೆನ್ನಾಗಿ ಅರ್ಥವಾಗುತ್ತಿದೆ ಎಂದು ಸ್ಪಷ್ಟವಾದ ಮೇಲೂ ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದರೆ ಆಗ ತಜ್ಞರನ್ನು ಕಾಣಬೇಕು. ಅದಕ್ಕೆ ಮೊದಲು ಕಿವಿಯ ಪರೀಕ್ಷೆ ಆಗಲಿ. ಚಳಿಗಾಲದ ನೆಗಡಿಯಲ್ಲಿ ಕಿವಿಯೊಳಗೆ ನೀರು ತುಂಬಿದ ಮಗುವಿಗೆ ಹೊಸ ಭಾಷೆಯ ಅರ್ಧ ಸದ್ದುಗಳೇ ಕೇಳಿಸುವುದಿಲ್ಲ. ಜರ್ಮನಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದ ಕ್ರಮವಾಗಿ ನಡೆಯುವ ತಪಾಸಣೆಗಳ ಸಾಲಿನಲ್ಲಿ 'ಊ 9' ಎಂಬುದು 60ರಿಂದ 64ನೆಯ ತಿಂಗಳ ನಡುವೆ ಬರುತ್ತದೆ. ನಿಮ್ಮ ಮಗಳಿಗೆ ಈಗ ಅದರ ಸಮಯ. ಮಕ್ಕಳ ವೈದ್ಯರಲ್ಲಿ ಈಗಲೇ ದಿನ ಗೊತ್ತುಮಾಡಿ. ವರದಿ ಬರೆಯುವ ಹಳದಿ ಪುಸ್ತಕವನ್ನು ಕೇಳಿ ಪಡೆಯಿರಿ. ಮಗು ಮನೆಯಲ್ಲಿ ಕನ್ನಡದಲ್ಲಿ ವಯಸ್ಸಿಗೆ ತಕ್ಕಂತೆ ಪೂರ್ಣವಾಗಿ ಮಾತನಾಡುತ್ತಾಳೆ ಎಂಬುದನ್ನು ಬರೆದುಕೊಂಡು ಹೋಗಿ ಕೊಡಿ, ಶ್ರವಣ ಪರೀಕ್ಷೆಯನ್ನೂ ಮಾಡುವಂತೆ ಕೇಳಿ. ನೀವಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಶಾಲೆಗೆ ಸೇರುವ ಮೊದಲು ಆರೋಗ್ಯ ಇಲಾಖೆಯವರೂ ಮಗುವಿನ ಮಾತನ್ನು ಪರೀಕ್ಷಿಸುತ್ತಾರೆ. ಆಗಲೂ ಇದೇ ಮಾಹಿತಿ ಕೈಯಲ್ಲಿರಲಿ. ಜರ್ಮನ್ ಬಾರದಿರುವುದು ಒಂದು, ಮಾತೇ ಬಾರದಿರುವುದು ಇನ್ನೊಂದು. ಪರೀಕ್ಷಿಸುವವರಿಗೆ ಕನ್ನಡ ತಿಳಿಯದು, ಆದ್ದರಿಂದ ಆ ವ್ಯತ್ಯಾಸವನ್ನು ಅವರಿಗೆ ತೋರಿಸಬೇಕಾದವರು ನೀವೇ.

ಈಗ ಶಿಕ್ಷಕಿಯ ಸಲಹೆಗೆ ಬರುತ್ತೇನೆ. ಅವರ ಉದ್ದೇಶ ಒಳ್ಳೆಯದು. ಸಲಹೆ ಮಾತ್ರ ತಪ್ಪು. ಇದನ್ನು ನಾನು ಬರೀ ಪುಸ್ತಕದಿಂದ ಹೇಳುತ್ತಿಲ್ಲ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಮುಗಿಸಿದ ಮೇಲೆ ನಾನೂ ಮದುವೆಯಾಗಿ ದಕ್ಷಿಣ ಜರ್ಮನಿಗೆ ಹೋದೆ. ಅಲ್ಲಿ ಹನ್ನೊಂದು ವರ್ಷ ಇದ್ದೆ. ನನ್ನ ಹಿರಿಯ ಮಗಳಿಗೆ ನಾಲ್ಕು ವರ್ಷವಿದ್ದಾಗ ನಮಗೂ ಇದೇ ಮಾತು ಹೇಳಿದರು. ಓದಿದವಳು ನಾನು, ತಿಳಿದವಳು ನಾನು. ಆದರೆ ಪರದೇಶದಲ್ಲಿ ನಿಂತ ತಾಯಿಗೆ ತನ್ನ ತಿಳಿವಳಿಕೆಯ ಮೇಲೇ ನಂಬಿಕೆ ಹೋಗುತ್ತದೆ. ಮನೆಯಲ್ಲಿ ಜರ್ಮನ್ ಶುರುಮಾಡಿದೆವು. ನನ್ನ ಜರ್ಮನ್ ಆಗ ಅಂಗಡಿಯಲ್ಲಿ ಹಾಲು ಕೇಳುವಷ್ಟಿತ್ತು. ಮಗಳಿಗೆ ಕಥೆ ಹೇಳಲಾಗುತ್ತಿರಲಿಲ್ಲ, ಕೋಪ ಬಂದರೆ ಕಾರಣ ವಿವರಿಸಲಾಗುತ್ತಿರಲಿಲ್ಲ, ಮುದ್ದು ಮಾಡಲು ಪದಗಳಿರಲಿಲ್ಲ. 'ಬಾ', 'ತಿನ್ನು', 'ಬೇಡ', 'ಮಲಗು' ಇಷ್ಟರಲ್ಲಿ ನಾಲ್ಕು ವರ್ಷ ಕಳೆದವು. ಅವಳಿಗೆ ಎಂಟು ತುಂಬಿದಾಗ ತಿಪಟೂರಿನಿಂದ ನನ್ನ ತಾಯಿ ಫೋನ್ ಮಾಡಿದರು. ಅವಳು ಎರಡು ನಿಮಿಷ ಕೇಳಿಸಿಕೊಂಡು ಫೋನನ್ನು ನನ್ನ ಕೈಗೆ ಕೊಟ್ಟಳು. ಅಜ್ಜಿ ಏನೋ ಕೇಳುತ್ತಿದ್ದಾರೆ, ನೀನೇ ಹೇಳು ಎಂದು ಜರ್ಮನ್‌ನಲ್ಲಿ ಹೇಳಿ ಆಡಲು ಹೋದಳು. ಅಜ್ಜಿ ಕೇಳಿದ್ದು 'ಊಟ ಆಯ್ತಾ ಮಗಳೇ' ಎಂದು. ಅದನ್ನು ಸರಿಪಡಿಸಲು ನನಗೆ ಆರು ವರ್ಷ ಹಿಡಿಯಿತು. ಇಂದಿಗೂ ಅವಳ ಕನ್ನಡ ಅಳೆದು ಸುರಿದ ಕನ್ನಡ. ಆದ್ದರಿಂದ ದಯವಿಟ್ಟು ನನ್ನ ಮಾತು ಕೇಳಿ: ಮನೆಯಲ್ಲಿ ಕನ್ನಡ ಬಿಡಬೇಡಿ.

ಮಕ್ಕಳಿಗೆ ಆ ದೇಶದ ಭಾಷೆ ಹೇಗೂ ಬರುತ್ತದೆ. ಕಳೆದುಹೋಗುವುದು ಮನೆಮಾತು. ಆನಿಕ್ ಡಿ ಹೌವರ್ ಎಂಬ ಭಾಷಾವಿಜ್ಞಾನಿ ಬೆಲ್ಜಿಯಂನ ಡಚ್ ಮಾತಿನ ಪ್ರದೇಶದಲ್ಲಿ ಮನೆಯಲ್ಲಿ ಬೇರೆ ಭಾಷೆಯೂ ಇರುವ ಸುಮಾರು 1,900 ಕುಟುಂಬಗಳ ಮಾಹಿತಿ ಕಲೆಹಾಕಿ 2007ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ ಡಚ್ ಬಂದಿತ್ತು. ಆದರೆ ಸುಮಾರು ನಾಲ್ಕನೆಯ ಒಂದು ಪಾಲು ಕುಟುಂಬಗಳಲ್ಲಿ ಮಕ್ಕಳು ಆ ಇನ್ನೊಂದು ಭಾಷೆಯನ್ನು ಆಡುತ್ತಲೇ ಇರಲಿಲ್ಲ. ತಂದೆ, ತಾಯಿ ಇಬ್ಬರೂ ಮನೆಮಾತನ್ನು ಗಟ್ಟಿಯಾಗಿ ಹಿಡಿದ ಮನೆಗಳಲ್ಲಿ ಅದು ಉಳಿದಿತ್ತು. ನಿಮ್ಮ ಪತಿ ಕಚೇರಿಯಿಂದ ಬಂದ ಮೇಲೆ ಮಕ್ಕಳ ಜೊತೆ ಇಂಗ್ಲಿಷ್ ಮಾತನಾಡುವವರಾಗಿದ್ದರೆ ಅದನ್ನು ಮೊದಲು ನಿಲ್ಲಿಸಿ. ಹೊರಗೆ ಜರ್ಮನ್, ತಂದೆಯದು ಇಂಗ್ಲಿಷ್, ತಾಯಿಯದು ಕನ್ನಡ ಎಂದಾದರೆ ಕನ್ನಡಕ್ಕೆ ಸಿಗುವುದು ಅಡುಗೆಮನೆಯ ಒಂದು ಗಂಟೆ ಮಾತ್ರ.

ಇನ್ನೊಂದು ಸಂಗತಿಯನ್ನು ಶಿಕ್ಷಕಿಗೂ ಹೇಳಿ. ಕನ್ನಡ ಗಟ್ಟಿಯಾಗಿರುವ ಮಗು ಜರ್ಮನ್ ಕಲಿಯಲು ಬರಿಗೈಯಲ್ಲಿ ಹೋಗುವುದಿಲ್ಲ. ಜರ್ಮನ್‌ನಲ್ಲಿ 'ಏಕೆಂದರೆ' ಎಂದು ಶುರುವಾದ ಉಪವಾಕ್ಯದ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. ಇಂಗ್ಲಿಷ್ ಮಾತನಾಡುವವರು ಅಲ್ಲಿ ಎಡವುತ್ತಾರೆ, ನಮಗೆ ಕ್ರಿಯಾಪದ ಕೊನೆಗಿರುವುದೇ ಸಹಜ. ಸ್ವರದ ಉದ್ದ ಬದಲಾದರೆ ಅರ್ಥ ಬದಲಾಗುವುದು ನಮ್ಮ ಕಿವಿಗೆ ಹೊಸದಲ್ಲ. ಬಲ ಬೇರೆ, ಬಾಲ ಬೇರೆ ಎಂದು ತಿಳಿದ ಮಗುವಿಗೆ ಜರ್ಮನ್‌ನ 'ಶ್ಟಾಟ್' ಎಂದರೆ ರಾಷ್ಟ್ರ, 'ಶ್ಟಟ್' ಎಂದರೆ ನಗರ ಎಂಬ ಭೇದ ಹಿಡಿಯುವುದು ಕಷ್ಟವಲ್ಲ. ವಿಭಕ್ತಿ ಎಂದರೇನು ಎಂದು ನಮಗೆ ಹೇಳಿಕೊಡಬೇಕಾಗಿಲ್ಲ. 'ನೀನು', 'ನೀವು' ಎಂಬ ಮರ್ಯಾದೆಯ ವ್ಯತ್ಯಾಸವೂ ಅವರಲ್ಲಿ 'ಡು', 'ಸೀ' ಎಂದು ಹಾಗೆಯೇ ಇದೆ. ನೀವೂ ಜರ್ಮನ್ ಕಲಿಯುವಾಗ ಇಂಗ್ಲಿಷ್ ಮೂಲಕ ಹೋಗದೆ ಕನ್ನಡದ ಪಕ್ಕದಲ್ಲಿಟ್ಟು ನೋಡಿ, ಎಷ್ಟೋ ಗಂಟುಗಳು ತಾವಾಗಿಯೇ ಸಡಿಲಾಗುತ್ತವೆ.

ಕನ್ನಡವನ್ನು ಪಾಠ ಮಾಡಬೇಡಿ, ಬದುಕಿನಲ್ಲಿ ಬಳಸಿ. ಸೊಪ್ಪು ಬಿಡಿಸುವಾಗ ಒಗಟು ಹೇಳಿ. ಜಗಳವನ್ನೂ ಕನ್ನಡದಲ್ಲೇ ಮಾಡಲಿ, ಲೆಕ್ಕದ ಅನುಮಾನವನ್ನೂ ಕನ್ನಡದಲ್ಲೇ ಕೇಳಲಿ. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಮೂರೂವರೆ. ನಿಮ್ಮಲ್ಲಿ ಸಂಜೆ ನಾಲ್ಕೂವರೆಯಾದಾಗ ಹಾಸನದಲ್ಲಿ ರಾತ್ರಿ ಒಂಬತ್ತು, ಅತ್ತೆಯವರ ಊಟ ಮುಗಿದು ಕೂತಿರುವ ಹೊತ್ತು. ವಾರಕ್ಕೆ ಮೂರು ದಿನ ಅವರು ವಿಡಿಯೊ ಕರೆಯಲ್ಲಿ ಒಂದು ಕಥೆ ಹೇಳಲಿ, ಅರ್ಧಕ್ಕೆ ನಿಲ್ಲಿಸಲಿ. 'ಸ್ಕೂಲ್ ಹೇಗಿದೆ, ಊಟ ಆಯ್ತಾ' ಎಂಬ ಎರಡು ಪ್ರಶ್ನೆಗೆ ಮಕ್ಕಳು ಎರಡು ಪದದ ಉತ್ತರ ಕೊಟ್ಟು ಓಡುತ್ತಾರೆ. ಅರ್ಧ ಉಳಿದ ಕಥೆಗೆ ತಾವಾಗಿ ಬರುತ್ತಾರೆ. ಮೊಮ್ಮಗನನ್ನು ಕಳಿಸಿ ಎನ್ನುವ ಅವರ ಒತ್ತಾಯದ ಹಿಂದೆ ಕೈಬಿಟ್ಟು ಹೋಗುತ್ತಾನೆಂಬ ಸಂಕಟವಿದೆ. ಅವರಿಗೂ ಒಂದು ಕೆಲಸ ಸಿಕ್ಕಂತಾಗುತ್ತದೆ.

ಕಿಂಡರ್‌ಗಾರ್ಟನ್‌ನಲ್ಲಿ ಅಕ್ಷರ ಕಲಿಸುವುದಿಲ್ಲ ಎಂಬ ಚಿಂತೆಯೂ ನಿಮಗೆ ಇರಬಹುದು. ಅಲ್ಲಿ ಆರು ವರ್ಷದ ಸುಮಾರಿಗೆ ಶಾಲೆ ಸೇರಿದ ಮೇಲೆಯೇ ಬರವಣಿಗೆ. ಅದಕ್ಕೆ ಮೊದಲು ಮಣ್ಣು, ನೀರು, ಕತ್ತರಿ, ಮರ ಹತ್ತುವುದು. ಮಳೆ ಬಂದರೂ ಹೊರಗೆ ಬಿಡುತ್ತಾರೆ. ಅದಕ್ಕೆಂದೇ ರಬ್ಬರಿನಂಥ ಕೆಸರು ಪ್ಯಾಂಟು ಬೇಕು, ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಬೇಕು. ಇವನ್ನು ಒಳ್ಳೆಯವೇ ತೆಗೆದುಕೊಡಿ. ಬಟ್ಟೆ ಕೆಟ್ಟೀತು ಎಂಬ ಅಂಜಿಕೆಯಿಂದ ದೂರ ನಿಲ್ಲುವ ಮಗುವಿಗೆ ಸ್ನೇಹಿತರು ಸಿಗುವುದು ತಡವಾಗುತ್ತದೆ. ಅಲ್ಲಿ ಮಕ್ಕಳ ಸ್ನೇಹ ಹುಟ್ಟುವುದೇ ಮರಳಿನ ಗುಂಡಿಯಲ್ಲಿ, ಅದಕ್ಕೆ ಭಾಷೆ ಬೇಡ. ಕನ್ನಡ ಅಕ್ಷರವನ್ನೂ ಈಗಲೇ ತಿದ್ದಿಸಬೇಡಿ. ಜರ್ಮನ್ ಓದು ಒಂದು ವರ್ಷ ಕುದುರಿದ ಮೇಲೆ ದಿನಕ್ಕೆ ಹತ್ತು ನಿಮಿಷ ಸಾಕು.

ಮಗನ ವಿಷಯ ಬೇರೆ. ನಿಜ ಹೇಳಬೇಕೆಂದರೆ ನನಗೆ ಮಗಳಿಗಿಂತ ಅವನ ಬಗ್ಗೆ ಹೆಚ್ಚು ಕಾಳಜಿ. ಐದು ವರ್ಷದ ಮಗು ಏನು ಬಿಟ್ಟು ಬಂದೆ ಎಂದು ಎಣಿಸುವುದಿಲ್ಲ. ಒಂಬತ್ತು ವರ್ಷದವನಿಗೆ ಎಲ್ಲವೂ ನೆನಪಿದೆ. ತಾನು ತರಗತಿಯಲ್ಲಿ ಯಾರಾಗಿದ್ದೆ ಎಂಬುದೂ ನೆನಪಿದೆ.

ಗಣಿತದಿಂದ ಶುರುಮಾಡಿ. ಅವನ ತಪ್ಪುಗಳನ್ನು ಒಂದು ವಾರ ಕೂತು ನೋಡಿ, ಯಾವ ಬಗೆಯವು ಎಂದು ವಿಂಗಡಿಸಿ. ವಿಜ್ಞಾನದ ಉಪನ್ಯಾಸಕಿಗೆ ಇದು ಹೊಸ ಕೆಲಸವಲ್ಲ. ಜರ್ಮನ್‌ನಲ್ಲಿ ಇಪ್ಪತ್ತನಾಲ್ಕನ್ನು 'ನಾಲ್ಕು ಮತ್ತು ಇಪ್ಪತ್ತು' ಎನ್ನುತ್ತಾರೆ. ಕೇಳಿಸಿಕೊಂಡು ಬರೆಯುವ ಹುಡುಗ ಮೊದಲು ಕೇಳಿದ 4 ಬರೆದು ಆಮೇಲೆ 2 ಬರೆಯುತ್ತಾನೆ, 42 ಆಗುತ್ತದೆ. ಸಾವಿರವನ್ನು ಬಿಡಿಸಿ ಬರೆಯಲು ನಾವು ಅಲ್ಪವಿರಾಮ ಹಾಕುವಲ್ಲಿ ಅವರು ಚುಕ್ಕಿ ಹಾಕುತ್ತಾರೆ, ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ. ಭಾಗಾಕಾರಕ್ಕೆ ಎರಡು ಚುಕ್ಕಿಯ ಗುರುತು. ಬರೆಯುವಾಗ 1ಕ್ಕೆ ತಲೆಯ ಮೇಲೊಂದು ಗೀಟು, 7ರ ಹೊಟ್ಟೆಗೆ ಅಡ್ಡಗೀಟು. ನಮ್ಮ ಹುಡುಗನಿಗೆ ಅವರ 1 ನಮ್ಮ 7ರಂತೆ ಕಾಣುತ್ತದೆ. ಇವು ಗಣಿತದ ತಪ್ಪುಗಳಲ್ಲ. ಹೀಗೆ ಹೀಗಾಗಿದೆ ಎಂದು ಅವನ ಮುಂದೆ ಬಿಡಿಸಿ ತೋರಿಸಿದರೆ ಅವನ ಮುಖ ಅರಳುವುದನ್ನು ನೀವೇ ನೋಡುತ್ತೀರಿ. ಎರಡಂಕಿಯ ಸಂಖ್ಯೆಗಳನ್ನು ಕೇಳಿಸಿಕೊಂಡು ಬರೆಯುವ ಆಟವನ್ನು ದಿನಕ್ಕೆ ಐದು ನಿಮಿಷ ಆಡಿ, ಒಂದೆರಡು ತಿಂಗಳಲ್ಲಿ ತಿದ್ದಿಹೋಗುತ್ತದೆ. ಅಂಕಗಳ ಪದ್ಧತಿಯನ್ನು ತಾತನಿಗೂ ವಿವರಿಸಿ: ಅಲ್ಲಿ 1 ಎಂದರೆ ಅತ್ಯುತ್ತಮ, 6 ಎಂದರೆ ಕನಿಷ್ಠ. ಎರಡು ಬಂತೆಂದು ಮೊಮ್ಮಗ ಹೇಳಿದರೆ ತಾತ ಬೇಸರ ಮಾಡಿಕೊಳ್ಳಬಾರದು.

ಮಾತಿನ ಲೆಕ್ಕಗಳು ಮಾತ್ರ ನಿಧಾನ. ಟೊರಾಂಟೊದ ಸಂಶೋಧಕ ಜಿಮ್ ಕಮಿನ್ಸ್ ನಾಲ್ಕು ದಶಕಗಳ ಹಿಂದೆಯೇ ತೋರಿಸಿದಂತೆ, ವಲಸೆ ಬಂದ ಮಕ್ಕಳು ಆಟದ ಬಯಲಿನ ಭಾಷೆಯನ್ನು ಸುಮಾರು ಎರಡು ವರ್ಷದಲ್ಲಿ ಹಿಡಿಯುತ್ತಾರೆ. ಪಾಠದ ಭಾಷೆಯಲ್ಲಿ ಆ ದೇಶದ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗುತ್ತದೆ. ನಿಮ್ಮ ಮಗನಿಗೆ ಇನ್ನೂ ಒಂದು ವರ್ಷವೂ ಆಗಿಲ್ಲ. ಅವನು ಈಗ ಮಾತೃಭಾಷಿಕರ ತರಗತಿಯಲ್ಲೇ ಪೂರ್ತಿ ಹೊತ್ತು ಕೂರುತ್ತಿದ್ದಾನೆಯೇ ಎಂದು ನೀವು ಬರೆದಿಲ್ಲ. ಆ ರಾಜ್ಯದ ಹಲವು ಶಾಲೆಗಳಲ್ಲಿ ಜರ್ಮನ್ ಬಾರದ ಮಕ್ಕಳಿಗೆ ಪೂರ್ವಸಿದ್ಧತಾ ತರಗತಿ ಇರುತ್ತದೆ. ಇದೆಯೇ ಎಂದು ಕೇಳಿ, ಇದ್ದರೆ ಅವಮಾನವೆಂದು ತಿಳಿಯದೆ ಸೇರಿಸಿ.

ನಾಲ್ಕನೆಯ ತರಗತಿಯ ಭೂತವನ್ನೂ ಯಾರಾದರೂ ನಿಮಗೆ ತೋರಿಸಿಯೇ ಇರುತ್ತಾರೆ. ಹೌದು, ಆ ರಾಜ್ಯದಲ್ಲಿ ನಾಲ್ಕನೆಯ ತರಗತಿಯ ನಂತರ ಮಕ್ಕಳು ವಿಶ್ವವಿದ್ಯಾಲಯದ ಓದಿಗೆ ಅಣಿಗೊಳಿಸುವ ಗಿಮ್ನಾಸಿಯುಮ್, ಹತ್ತನೆಯ ತರಗತಿಯವರೆಗಿನ ರಿಯಾಲ್‌ಶೂಲೆ, ಎಲ್ಲ ಮಟ್ಟದ ಮಕ್ಕಳೂ ಒಟ್ಟಿಗೆ ಕಲಿಯುವ ಗೆಮೈನ್‌ಶಾಫ್ಟ್ಸ್‌ಶೂಲೆ ಮುಂತಾದ ಬೇರೆ ಬೇರೆ ಶಾಲೆಗಳಿಗೆ ಹೋಗುತ್ತಾರೆ, ಶಾಲೆ ಒಂದು ಶಿಫಾರಸು ಕೊಡುತ್ತದೆ. ನಿಮ್ಮ ಮಗನಿಗೆ ಗಿಮ್ನಾಸಿಯುಮ್ ಶಿಫಾರಸು ಸಿಗದಿದ್ದರೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು ಎಂದು ಹೇಳುವವರನ್ನು ನಂಬಬೇಡಿ. ರಿಯಾಲ್‌ಶೂಲೆಯಲ್ಲಿ ಹತ್ತನೆಯ ತರಗತಿ ಚೆನ್ನಾಗಿ ಮುಗಿಸಿದವರು ವೃತ್ತಿಪರ ಗಿಮ್ನಾಸಿಯುಮ್‌ಗೆ ಸೇರಿ ಮೂರು ವರ್ಷದಲ್ಲಿ ಅಬಿಟೂರ್ ಪರೀಕ್ಷೆ ಬರೆಯುತ್ತಾರೆ, ಎಲ್ಲರಂತೆ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಭಾಷೆ ಕುದುರುವ ಮೊದಲೇ ಬಲವಂತವಾಗಿ ಗಿಮ್ನಾಸಿಯುಮ್‌ಗೆ ಹಾಕಿ ಎರಡು ವರ್ಷದಲ್ಲಿ ಹೊರಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಆ ಪೆಟ್ಟು ದೊಡ್ಡದು.

ಚಿತ್ರಾನ್ನದ ಡಬ್ಬಿಯ ವಿಷಯದಲ್ಲಿ ಮಗನ ಪರ ನಿಲ್ಲುತ್ತೇನೆ. ಅಲ್ಲಿ ಬೆಳಗಿನ ವಿರಾಮ ಚಿಕ್ಕದು, ಮಕ್ಕಳು ಒಂದು ಕೈಯಲ್ಲಿ ಬ್ರೆಡ್ ಹಿಡಿದು ಇನ್ನೊಂದು ಕೈಯಲ್ಲಿ ಆಡುತ್ತಾರೆ. ಆ ಊರಿನ ಕಡೆ ಈ ಬುತ್ತಿಗೆ 'ಫೆಸ್ಪರ್' ಎನ್ನುತ್ತಾರೆ. ಚಮಚ ಹಿಡಿದು ತಣ್ಣಗಾದ ಅನ್ನ ತಿನ್ನುತ್ತಾ ಕೂತರೆ ಅವನು ಆಟವನ್ನೇ ಕಳೆದುಕೊಳ್ಳುತ್ತಾನೆ. ಬೆಣ್ಣೆ ಸವರಿದ ಬ್ರೆತ್ಸೆಲ್ ಎಂಬ ಗಂಟಿನಾಕಾರದ ಬ್ರೆಡ್, ಸುರುಳಿ ಸುತ್ತಿದ ಚಪಾತಿ ಅಥವಾ ದೋಸೆ, ಸೇಬಿನ ಹೋಳು ಕಳಿಸಿ. ಚಿತ್ರಾನ್ನವನ್ನು ಮಧ್ಯಾಹ್ನ ಬಂದ ಮೇಲೆ ಬಿಸಿಯಾಗಿ ತಿನ್ನಲಿ. ನೀವು ಸಸ್ಯಾಹಾರಿಗಳಾಗಿದ್ದರೆ ಹಂದಿಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು, ಕೋಳಿ ಬಡಿಸುತ್ತಾರೆ. ಮಾಂಸ, ಮೀನು, ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆಯುವ ಜೆಲಾಟಿನ್ ಮೂರನ್ನೂ ಹೆಸರಿಸಿ ಬರೆದುಕೊಡಿ. ಮಕ್ಕಳಿಗೆ ಹಂಚುವ ಬಣ್ಣದ ಮೃದು ಮಿಠಾಯಿಗಳಲ್ಲಿ ಹೆಚ್ಚಿನವಕ್ಕೆ ಜೆಲಾಟಿನ್ ಹಾಕಿರುತ್ತಾರೆ. ಅಲ್ಲಿ ಹುಟ್ಟುಹಬ್ಬದ ದಿನ ತರಗತಿಗೆ ತಿಂಡಿ ತರುವುದು ಆ ಮಗುವೇ. ಆ ದಿನ ಅವನನ್ನೇ ಕೇಳಿ, ಏನು ಕಳಿಸಲಿ ಎಂದು. ಕೊಬ್ಬರಿ ಮಿಠಾಯಿ ಎಂದರೆ ಅದು, ಕೇಕ್ ಎಂದರೆ ಅದು.

ಕನ್ನಡ ಯಾರಿಗೂ ಗೊತ್ತಿಲ್ಲದ ಭಾಷೆ ಎಂದನಲ್ಲ, ಅದಕ್ಕೆ ಅವನ ಸುತ್ತಮುತ್ತಲಲ್ಲೇ ಉತ್ತರವಿದೆ. ಒಂದು ಭಾನುವಾರ ಲೋಕಲ್ ರೈಲಿನಲ್ಲಿ ಪಕ್ಕದ ಎಸ್ಲಿಂಗೆನ್‌ಗೆ ಕರೆದುಕೊಂಡು ಹೋಗಿ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಅವರು ಹುಟ್ಟಿದ ಬ್ರಾಕೆನ್‌ಹೈಮ್ ಕೂಡ ಸ್ಟುಟ್‌ಗಾರ್ಟ್‌ನಿಂದ ಉತ್ತರಕ್ಕೆ ಹೆಚ್ಚು ದೂರವಿಲ್ಲ. ಇನ್ನೊಂದು ಭಾನುವಾರ ಟ್ಯೂಬಿಂಗೆನ್‌ಗೆ ಹೋಗಿ. ನಮ್ಮ ನಿಘಂಟನ್ನು 1894ರಲ್ಲಿ ಮುಗಿಸಿಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿ, 1903ರಲ್ಲಿ ನಿಧನರಾದದ್ದೂ ಅಲ್ಲಿಯೇ. ಇಪ್ಪತ್ತರ ಹರೆಯದಲ್ಲಿ ಊರು ಬಿಟ್ಟು ಧಾರವಾಡದ ಕಡೆಗೆ ಬಂದ ಆ ಜರ್ಮನ್ ಹುಡುಗನಿಗೂ ಮೊದಲಿಗೆ ಒಂದು ಮಾತೂ ಬರುತ್ತಿರಲಿಲ್ಲ ಎಂದು ಮಗನಿಗೆ ಹೇಳಿ. ನನ್ನ ಎರಡನೆಯ ಮಗನಿಗೆ ನಾನು ಹೀಗೆ ಮಾಡಿದ್ದೆ. ಅವನು ಆ ವಾರ ತರಗತಿಯಲ್ಲಿ ಎದ್ದು ನಿಂತು, ತನ್ನ ಭಾಷೆಯ ನಿಘಂಟನ್ನು ನಿಮ್ಮವರೊಬ್ಬರು ಬರೆದಿದ್ದಾರೆ ಎಂದು ಹೇಳಿ ಬಂದ. ಬಸ್ಸಿನಲ್ಲಿ ಮೆಲ್ಲಗೆ ಮಾತನಾಡು ಎಂದರೆ ಸದ್ಯಕ್ಕೆ ಮೆಲ್ಲಗೇ ಮಾತನಾಡಿ. ಅವನ ನಾಚಿಕೆಯೊಡನೆ ಹೋರಾಡಬೇಡಿ. ಆದರೆ ಇಂಗ್ಲಿಷಿಗೆ ಹೊರಳಬೇಡಿ.

ಕೆಳಮನೆಯವರ ಚೀಟಿಯನ್ನು ನೀವು ಅವಮಾನವೆಂದು ತೆಗೆದುಕೊಂಡಿದ್ದೀರಿ. ಅಲ್ಲಿ ಚೀಟಿ ಬರೆಯುವುದು ಸಾಮಾನ್ಯ ರೂಢಿ, ಮುಖ ಕೆಡಿಸಿಕೊಳ್ಳದೆ ವಿಷಯ ತಿಳಿಸುವ ದಾರಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮತ್ತು ಭಾನುವಾರ ಇಡೀ ದಿನ ನಿಶ್ಶಬ್ದದ ಹೊತ್ತು. ಹಲವು ಕಟ್ಟಡಗಳಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೂ ಹಾಗೆಯೇ ಇರುತ್ತದೆ, ಬಾಡಿಗೆ ಕರಾರಿನ ಜೊತೆಗಿನ ಮನೆ ನಿಯಮಾವಳಿ ನೋಡಿ. ಮಕ್ಕಳ ಸಹಜ ಆಟದ ಸದ್ದನ್ನು ಅಲ್ಲಿನ ನ್ಯಾಯಾಲಯಗಳು ಬಹುಮಟ್ಟಿಗೆ ಸಹಿಸಬೇಕಾದದ್ದೆಂದೇ ನೋಡುತ್ತವೆ. ಭಾನುವಾರ ಬೆಳಿಗ್ಗೆ ಚಟ್ನಿಗೆ ತಿರುಗಿಸುವ ಮಿಕ್ಸಿಗೆ ಆ ರಿಯಾಯಿತಿ ಇಲ್ಲ. ಶನಿವಾರ ಸಂಜೆಯೇ ರುಬ್ಬಿ ಇಡಿ. ದಪ್ಪ ಜಮಖಾನ ಹಾಸಿ. ಮಕ್ಕಳನ್ನು ಕರೆದುಕೊಂಡು ಹೋಗಿ ಬಾಗಿಲು ಬಡಿದು, ಹೊಸಬರು ನಾವು, ಸದ್ದಾದರೆ ಹೇಳಿ ಎಂದು ನಾಲ್ಕು ಪದದ ಜರ್ಮನ್‌ನಲ್ಲಿ ಹೇಳಿ ಬನ್ನಿ. ಸ್ಟುಟ್‌ಗಾರ್ಟ್ ಕಡೆ 'ಕೇರ್‌ವೋಖೆ' ಎಂದು ಮೆಟ್ಟಿಲು ಗುಡಿಸಿ ಒರೆಸುವ ಸರದಿ ಇರುತ್ತದೆ, ನಿಮ್ಮ ಬಾಗಿಲಿಗೆ ಫಲಕ ತೂಗುಬಿದ್ದ ವಾರ ಅದನ್ನು ತಪ್ಪಿಸಬೇಡಿ. ಆ ಮೆಟ್ಟಿಲುಗಳ ಮೇಲೆಯೇ ನನಗೆ ಅಲ್ಲಿನ ಮೊದಲ ಗೆಳತಿ ಸಿಕ್ಕಿದ್ದು.

ಮಕ್ಕಳನ್ನು ಸರ್ಕಾರ ಎತ್ತಿಕೊಂಡು ಹೋಗುತ್ತದೆ ಎಂಬ ಭಯದ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ಜರ್ಮನಿ 2000ನೆಯ ಇಸವಿಯಲ್ಲಿ ತನ್ನ ನಾಗರಿಕ ಸಂಹಿತೆಯನ್ನು ತಿದ್ದಿ, ಹಿಂಸೆಯಿಲ್ಲದೆ ಬೆಳೆಯುವುದು ಮಗುವಿನ ಹಕ್ಕು ಎಂದು ಬರೆಯಿತು. ಒಂದೇಟೂ ಸಲ್ಲದು, ಬೆತ್ತ ತೋರಿಸಿ ಹೆದರಿಸುವುದೂ ಅವಮಾನಿಸುವುದೂ ಸಲ್ಲದು. ನಮ್ಮಲ್ಲಿ ಬೆನ್ನಿಗೊಂದು ಹಾಕುವುದು ಮಾಮೂಲು ಎಂಬ ಸಮಜಾಯಿಷಿ ಅಲ್ಲಿ ನಿಲ್ಲುವುದಿಲ್ಲ. ಇಲ್ಲಿಯೂ ನಿಲ್ಲಬಾರದು ಎಂಬುದು ನನ್ನ ನಿಲುವು. ಆದರೆ ಗದರಿದ್ದಕ್ಕೆ, ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದಕ್ಕೆ, ಕೈತುತ್ತು ಕೊಟ್ಟಿದ್ದಕ್ಕೆ ಯಾರೂ ಮಕ್ಕಳನ್ನು ಒಯ್ಯುವುದಿಲ್ಲ. ಯೂಗೆಂಡ್‌ಆಮ್ಟ್ ಎಂಬ ಮಕ್ಕಳ ಕಲ್ಯಾಣ ಕಚೇರಿಗೆ ತುರ್ತು ಅಪಾಯದಲ್ಲಿ ಮಗುವನ್ನು ರಕ್ಷಣೆಗೆ ಪಡೆಯುವ ಅಧಿಕಾರವಿದೆ, ತಂದೆ ತಾಯಿ ಒಪ್ಪದಿದ್ದರೆ ಅದು ಕುಟುಂಬ ನ್ಯಾಯಾಲಯದ ಮುಂದೆ ಹೋಗಬೇಕು. ಅದೇ ವ್ಯವಸ್ಥೆಯಲ್ಲಿ ತಂದೆ ತಾಯಂದಿರಿಗೆ ಉಚಿತ ಸಲಹಾ ಕೇಂದ್ರಗಳೂ ಇವೆ. ಭಯಪಟ್ಟು ಶಿಕ್ಷಕಿಯರಿಂದ ಮುಖ ಮರೆಸಿಕೊಳ್ಳುವ ಕುಟುಂಬವನ್ನು ಯಾರೂ ಅರಿಯಲಾರರು. ವರ್ಷಕ್ಕೊಮ್ಮೆ ಕಿಂಡರ್‌ಗಾರ್ಟನ್‌ನಲ್ಲಿ ಮಗುವಿನ ಬೆಳವಣಿಗೆಯ ಬಗ್ಗೆ ಕೂತು ಮಾತನಾಡುವ ಪದ್ಧತಿ ಇದೆ, ನೀವೇ ಮುಂದಾಗಿ ದಿನ ಕೇಳಿ, ಪತಿಯನ್ನೂ ಕರೆದುಕೊಂಡು ಹೋಗಿ. ಸಂಜೆಯ ಪಾಲಕರ ಸಭೆಗೂ ಹೋಗಿ. ಅರ್ಧ ಅರ್ಥವಾಗದಿದ್ದರೂ ಆ ಪುಟ್ಟ ಕುರ್ಚಿಯಲ್ಲಿ ಕೂತು ಬನ್ನಿ.

ನಿಮ್ಮ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ, ಕೆಲಸ ಬಿಟ್ಟು ಬಂದಿದ್ದೇನೆ ಎಂದು. ನನಗೆ ಇಡೀ ಪತ್ರದ ಬೇರು ಅಲ್ಲಿ ಕಾಣುತ್ತದೆ. ಪತಿಗೆ ಬೆಳಗಾದರೆ ಕಚೇರಿ ಇದೆ, ಮಕ್ಕಳಿಗೆ ಶಾಲೆ ಇದೆ. ಕಾಲೇಜಿನಲ್ಲಿ 'ಮೇಡಂ' ಎನಿಸಿಕೊಳ್ಳುತ್ತಿದ್ದ ನಿಮಗೆ ಅಲ್ಲಿ ಹೆಸರು ಹಿಡಿದು ಕರೆಯುವವರೂ ಇಲ್ಲ. ಡಿಸೆಂಬರಿನಲ್ಲಿ ಆ ಊರಿಗೆ ಬೆಳಕು ಬರುವುದು ಎಂಟರ ನಂತರ, ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತಾನೆ. ಆ ಕತ್ತಲಲ್ಲಿ ಒಬ್ಬರೇ ಕೂತು ಮಕ್ಕಳ ಪ್ರತಿ ಕೆಮ್ಮನ್ನೂ ಅಳೆಯುತ್ತಿದ್ದೀರಿ. ಮಕ್ಕಳು ಹೊಸ ಊರನ್ನು ನೋಡುವುದು ತಾಯಿಯ ಮುಖದ ಮೂಲಕ. ಬೆಳಿಗ್ಗೆ ಮಗಳನ್ನು ಬಿಡುವಾಗ ನಿಮ್ಮ ಕೈ ಬಿಗಿದಿದ್ದರೆ ಅದು ಅಪಾಯದ ಜಾಗ ಎಂದು ಅವಳು ಓದಿಕೊಳ್ಳುತ್ತಾಳೆ.

ಆದ್ದರಿಂದ ಜನವರಿಯಲ್ಲಿ ನೀವು ತರಗತಿಗೆ ಸೇರಿ. ವಲಸಿಗರಿಗಾಗಿ ಸರ್ಕಾರ ನಡೆಸುವ ಸಮನ್ವಯ ಶಿಕ್ಷಣದಲ್ಲಿ ಸಾಮಾನ್ಯವಾಗಿ 600 ಪಾಠಗಳ ಭಾಷೆ, 100 ಪಾಠಗಳ ದೇಶ ಪರಿಚಯ ಇರುತ್ತದೆ. ನಿಮ್ಮ ವಾಸದ ಪರವಾನಗಿ ತೋರಿಸಿ ಅರ್ಹತೆ ಕೇಳಿ. ಆಗದಿದ್ದರೆ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ಸಾರ್ವಜನಿಕ ಕಲಿಕಾ ಕೇಂದ್ರದಲ್ಲಿ ಕಡಿಮೆ ಶುಲ್ಕದ ತರಗತಿಗಳಿವೆ. ನಿಮ್ಮ ಎಂಎಸ್ಸಿ ಪದವಿಗೆ ವಿದೇಶಿ ಪದವಿಗಳನ್ನು ಪರಿಶೀಲಿಸುವ ಬಾನ್ ನಗರದ ಕೇಂದ್ರ ಕಚೇರಿಯಿಂದ ಸಮಾನತಾ ಪತ್ರ ತರಿಸಿ. ರಸಾಯನಶಾಸ್ತ್ರ ಬಲ್ಲವರಿಗೆ ಆ ದೇಶದಲ್ಲಿ ಕೆಲಸವಿದೆ, ಭಾಷೆಗೆ ಒಂದೂವರೆ ಎರಡು ವರ್ಷ ಕೊಡಬೇಕು. ಸಂಜೆ ನೀವು ಮೇಜಿನ ಒಂದು ಬದಿ, ಮಗ ಇನ್ನೊಂದು ಬದಿ ಕೂತು ಜರ್ಮನ್ ಮನೆಪಾಠ ಮಾಡಿ. ತಪ್ಪಿದಾಗ ಅವನು ನಿಮ್ಮನ್ನು ತಿದ್ದಲಿ. ಒಂದು ವಿಷಯದಲ್ಲಿ ಅಮ್ಮನಿಗಿಂತ ಮುಂದಿದ್ದೇನೆ ಎಂಬುದು ಈಗ ಅವನಿಗೆ ಬೇಕಾಗಿರುವ ಔಷಧ. ಆದರೆ ಕಚೇರಿ, ವೈದ್ಯರು, ಬ್ಯಾಂಕ್ ಇಲ್ಲೆಲ್ಲ ಅವನನ್ನು ದುಭಾಷಿ ಮಾಡಿಕೊಳ್ಳಬೇಡಿ. ದೊಡ್ಡವರ ಚಿಂತೆ ಹೊರುವ ವಯಸ್ಸಲ್ಲ ಅದು.

ಅನ್ಯಾಯ ಮಾಡಿದೆವೇ ಎಂದು ಕೇಳಿದ್ದೀರಿ. ಇಲ್ಲ. ವಾಪಸು ಹೋಗಬೇಕೇ ಎಂಬುದನ್ನು ಮೊದಲ ಚಳಿಗಾಲದಲ್ಲಿ ತೀರ್ಮಾನಿಸಬೇಡಿ. ಮುಂದಿನ ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದ ಮೇಲೆ ಗಂಡ ಹೆಂಡತಿ ಕೂತು ಮಾತನಾಡಿ. ಮೂರು ವರ್ಷಕ್ಕೆ ಮರಳುವುದೇ ನಿಜವಾದರೆ ಮಗನಿಗೆ ಆಗ ಹನ್ನೊಂದು, ಆರನೆಯ ತರಗತಿಗೆ ಸೇರಿಸುವ ವಯಸ್ಸು. ಈಗಿನಿಂದಲೇ ಅವನ ಕನ್ನಡ ಓದು ಬರಹ ಬಿಡದೆ ನಡೆಸಿ. ಆದರೆ ಅವನೊಬ್ಬನನ್ನೇ ಕಳಿಸುವ ಮಾತನ್ನು ಮನೆಯಲ್ಲಿ ಯಾರೂ ಎತ್ತಕೂಡದು, ಫೋನಿನಲ್ಲೂ ಅವನಿಗೆ ಕೇಳಿಸಕೂಡದು. ಹೊಸ ಊರಿನಲ್ಲಿ ಸೋತದ್ದಕ್ಕೆ ತನ್ನನ್ನು ತಾಯಿ ತಂದೆಯಿಂದ ಬೇರೆ ಮಾಡುತ್ತಾರೆ ಎಂದು ಅವನು ತಿಳಿದರೆ, ಆ ಗಾಯಕ್ಕೆ ನನ್ನ ಬಳಿ ಚಿಕಿತ್ಸೆಯಿಲ್ಲ. ಅತ್ತೆ, ಮಾವಂದಿರಿಗೆ ಇದನ್ನು ನಿಮ್ಮ ಪತಿಯೇ ಹೇಳಲಿ. ಸಾಧ್ಯವಾದರೆ ಏಪ್ರಿಲ್ ನಂತರ ಅವರನ್ನೇ ಎರಡು ತಿಂಗಳು ಅಲ್ಲಿಗೆ ಕರೆಸಿಕೊಳ್ಳಿ.

ಕ್ರಿಸ್ಮಸ್ ರಜೆ ಮುಗಿದ ವಾರದಲ್ಲಿ ಒಂದು ಕೆಲಸ ಮಾಡಿ. ಮಗಳು ಯಾರ ಪಕ್ಕದಲ್ಲಿ ಹೆಚ್ಚು ಕೂರುತ್ತಾಳೆ ಎಂದು ಶಿಕ್ಷಕಿಯನ್ನು ಕೇಳಿ. ಆ ಒಂದೇ ಒಂದು ಮಗುವನ್ನು ಮನೆಗೆ ಕರೆಯಿರಿ. ದಿನ, ಹೊತ್ತು, ವಿಳಾಸ ಬರೆದ ಚೀಟಿಯನ್ನು ಅದರ ತಾಯಿಯ ಕೈಗೆ ಕೊಡಿ: ಮೂರರಿಂದ ಐದರವರೆಗೆ. ಹಿಟ್ಟು ನಾದಿ ಇಬ್ಬರಿಗೂ ಒಂದೊಂದು ಉಂಡೆ, ಒಂದು ಲಟ್ಟಣಿಗೆ ಕೊಟ್ಟು ನೀವು ದೂರ ಕೂತುಬಿಡಿ. ಲಟ್ಟಣಿಗೆ ಒಂದೇ ಇರಲಿ, ಅದಕ್ಕಾಗಿ ಅವಳು ಬಾಯಿ ತೆರೆದೇ ತೀರಬೇಕಾಗುತ್ತದೆ. ಐದು ಗಂಟೆಗೆ ಸರಿಯಾಗಿ ಆ ತಾಯಿ ಬಾಗಿಲಲ್ಲಿರುತ್ತಾರೆ, ಆಗ ಅವರನ್ನೂ ಒಳಗೆ ಕರೆದು ಕಾಫಿ ಕೊಡಿ. ಏನಾಯಿತೆಂದು ನನಗೆ ಬರೆಯಿರಿ.